ಮಾವ ಕೆತ್ತಿದ ಗವಿ

ನಮ್ಮ ಅಂಗಡಿಗೆ ಮೀನು ಕೊಳ್ಳಲು ವಾರಕ್ಕೆ ಹತ್ತು ಜನ ಬಂದರೆ, ಕಲ್ಲು ತೋರಿಸಲು ಇಪ್ಪತ್ತು ಜನ ಬರುತ್ತಾರೆ. ಚೀಲದಿಂದ ಮೆಲ್ಲಗೆ ತೆಗೆದು, ಇದನ್ನು ಅಕ್ವೇರಿಯಂ ಒಳಗೆ ಇಡಬಹುದಾ ಎಂದು ಕೇಳುತ್ತಾರೆ. ಪ್ರವಾಸಕ್ಕೆ ಹೋದ ಕಡೆ ಹೆಕ್ಕಿದ್ದು, ಮನೆ ಕಟ್ಟಿಸುವಾಗ ಮಿಕ್ಕಿದ್ದು, ಸಮುದ್ರದ ದಂಡೆಯಲ್ಲಿ ಮಗು ಹಟ ಮಾಡಿ ಜೇಬಿಗೆ ತುಂಬಿಕೊಂಡದ್ದು. ನಾನು ಯಾರ ಮುಖವನ್ನೂ ನೋಡುವುದಿಲ್ಲ, ಕಲ್ಲನ್ನು ನೋಡುತ್ತೇನೆ. ಮೊದಲು ಬೆರಳಾಡಿಸಿ ಎಲ್ಲಾದರೂ ಚೂಪಿದೆಯಾ ಎಂದು ಪರೀಕ್ಷೆ. ಆಮೇಲೆ ತುಕ್ಕಿನ ಬಣ್ಣದ್ದೋ ಚಿನ್ನದ ಬಣ್ಣದ್ದೋ ಗೆರೆ ಇದೆಯಾ ಎಂದು. ಇದ್ದರೆ ಒಳಗೆ ಲೋಹ ಇರಬಹುದು, ಮೀನಿಗೆ ಅದು ವಿಷ. ಕೊನೆಗೆ ವಿನಿಗರ್. ಎರಡು ಹನಿ ಬಿಟ್ಟಾಗ ಕಲ್ಲು ಸುಮ್ಮನಿದ್ದರೆ ಪಾಸು. ಗುಳ್ಳೆ ಎದ್ದು ಚುರುಗುಟ್ಟಿದರೆ ಅದರಲ್ಲಿ ಸುಣ್ಣ ಇದೆ ಎಂದು ಅರ್ಥ. ಅಂಥ ಕಲ್ಲು ದಿನಾ ಇಷ್ಟಿಷ್ಟೇ ನೀರಿಗೆ ಸುಣ್ಣ ಬಿಡುತ್ತದೆ, ನೀರು ಗಡಸಾಗುತ್ತದೆ, ಮೆದು ನೀರಿನ ಮೀನು ಸೊರಗುತ್ತದೆ.

ಸ್ವಲ್ಪ ಗುಳ್ಳೆ ಬಂದರೆ ಏನಾಯಿತು, ಅಷ್ಟಕ್ಕೆಲ್ಲ ಮೀನು ಸಾಯುತ್ತದೆಯೇ ಎಂದು ಒಬ್ಬ ವಕೀಲರು ವಾದಕ್ಕೆ ನಿಂತರು. ದಿನಾ ಒಂದು ಚಿಟಿಕೆ ಸುಣ್ಣ ಕಲಸಿ ನೀರು ಕುಡಿಯಿರಿ, ತಿಂಗಳು ಬಿಟ್ಟು ಬನ್ನಿ, ಆಗ ವಾದ ಮುಂದುವರಿಸೋಣ ಎಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮಾತು ಕಡ್ಡಿ ಮುರಿದ ಹಾಗೆ. ಬೀದಿಯಲ್ಲಿ ನನಗೆ ವಿನಿಗರ್ ಅಕ್ಕ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ ಬಿಡಿ, ನನ್ನ ಗಂಟೇನೂ ಹೋಗಲಿಲ್ಲ.

ಇಂಥ ನಾನು, ಯಾರಿಗೂ ಬಗ್ಗದವಳು, ನನ್ನ ಮಾವನಿಗೆ ಮೂರು ವಾರ ಸುಳ್ಳು ಹೇಳಿದೆ. ಬಾಯಲ್ಲಿ ಹೇಳಿದ್ದು ಎರಡು ಮೂರು ಮಾತು, ಅಷ್ಟೆ. ಮಿಕ್ಕಿದ್ದನ್ನೆಲ್ಲ ಕೈಯಲ್ಲಿ ಮಾಡಿದೆ.

ನನ್ನ ಮಾವ ಮಾರ್ಬಲ್ ಕೆತ್ತುವವರು. ನಲವತ್ತಾರು ವರ್ಷ ಅದೇ ಕೆಲಸ. ಮೆಟ್ಟಿಲಿನ ಕಂಬ, ಕೈ ತೊಳೆಯುವ ಬೋಗುಣಿ, ತೋಟದಲ್ಲಿಡುವ ಕಾರಂಜಿ, ಎಲ್ಲ ಬಿಳಿ ಕಲ್ಲಿನದೇ. ಬೇರೆ ಕಲ್ಲೆಂದರೆ ಅವರಿಗೆ ತಾತ್ಸಾರ. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಗೋಡೆಗೆ ಸಾಲಾಗಿ ತೂಗುಹಾಕಿದ ಉಳಿಗಳು. ಕೆಲವು ವರ್ಷದ ಹಿಂದೆಯೇ ಅವರ ಬಲಗೈ ನಡುಗಲು ಶುರುವಾಗಿತ್ತು. ಟೀ ಲೋಟ ಹಿಡಿದರೆ ಅರ್ಧ ತಟ್ಟೆಗೆ, ಅರ್ಧ ಬಾಯಿಗೆ. ಎರಡು ವರ್ಷದ ಹಿಂದೆ ಒಂದು ದಿನ ಶೆಡ್ಡಿಗೆ ಬೀಗ ಹಾಕಿ ಬಂದು ಕೂತವರು ಮತ್ತೆ ಅತ್ತ ಹೋಗಲಿಲ್ಲ. ಕೈ ನಡುಗುತ್ತದಲ್ಲ, ಅದಕ್ಕೇ ಬಿಟ್ಟರು ಎಂದು ನಾವೆಲ್ಲ ತಿಳಿದೆವು. ಅವರೂ ಏನೂ ಹೇಳಲಿಲ್ಲ. ಊಟ, ನಿದ್ದೆ, ಸಂಜೆ ಒಂದು ಸುತ್ತು. ಕೇಳಿದ್ದಕ್ಕೆ ಉತ್ತರ, ಅಷ್ಟೆ. ದೊಡ್ಡ ಆಳು, ದಿನದಿನಕ್ಕೆ ಕುರ್ಚಿಯಲ್ಲಿ ಕುಗ್ಗುತ್ತಾ ಹೋದರು.

ಅಂಗಡಿಗೂ ಮನೆಗೂ ನಡುವೆ ಒಂದು ಓಣಿಯಂಥ ಕೋಣೆ ಇದೆ. ಅಲ್ಲಿ ನನ್ನ ಸ್ವಂತದ ಗಾಜಿನ ತೊಟ್ಟಿ, ಮಾರಾಟಕ್ಕಲ್ಲ. ಅದರಲ್ಲಿ ಒಂದು ಜೋಡಿ ಡಿಸ್ಕಸ್ ಮೀನು. ತಟ್ಟೆಯ ಹಾಗೆ ದುಂಡಗೆ ಚಪ್ಪಟೆಯಾಗಿರುತ್ತವೆ, ಬಹಳ ನಾಜೂಕು. ನೀರು ತೀರಾ ಮೆದುವಾಗಿರಬೇಕು, ಸದ್ದಿರಬಾರದು, ಪದೇ ಪದೇ ಯಾರೂ ಕೈ ಹಾಕಬಾರದು. ಮಾವ ಬೆಳಿಗ್ಗೆ ಒಂಬತ್ತಕ್ಕೆ ಸ್ಟೂಲ್ ಹಾಕಿಕೊಂಡು ಅದರ ಮುಂದೆ ಕೂತರೆ ಏಳುತ್ತಿದ್ದದ್ದು ಹನ್ನೆರಡಕ್ಕೆ. ಮುಂಭಾಗದ ಅಂಗಡಿಗೆ ಮಾತ್ರ ಬರುತ್ತಿರಲಿಲ್ಲ. ಕಲ್ಲು ಕೊಯ್ಯುವ ಮಷಿನ್ನಿನ ಪಕ್ಕದಲ್ಲೇ ಆಯುಸ್ಸು ಕಳೆದ ಕಿವಿಗೆ ಗಿರಾಕಿಗಳ ಗಲಾಟೆ ಆಗುತ್ತಿರಲಿಲ್ಲ. ಹಾಗಾಗಿ ನನ್ನ ವಿನಿಗರ್ ಪರೀಕ್ಷೆಯನ್ನು ಅವರು ನೋಡಿಯೇ ಇರಲಿಲ್ಲ. ಒಂದು ದಿನ ಸುಮ್ಮನೆ ಮಾತಿಗೆ, ಇವಕ್ಕೆ ಒಂದು ಮರೆ ಅಂತ ಇದ್ದಿದ್ದರೆ ಮೊಟ್ಟೆ ಇಡುತ್ತಿದ್ದವೋ ಏನೋ ಎಂದಿದ್ದೆ. ಮಾವ ತಲೆ ಕೂಡ ಆಡಿಸಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಶೆಡ್ಡಿನಿಂದ ಟಕ್ ಟಕ್ ಎಂದು ಸದ್ದು ಬಂತು. ನಾನು ಬಲೆ ಹಿಡಿದು ನಿಂತಲ್ಲೇ ನಿಂತೆ. ನನ್ನ ಗಂಡ ಕಾರು ಓಡಿಸಲು ಕಲಿಸುವವರು. ಪಕ್ಕದ ಸೀಟಿನಲ್ಲಿ ಕೂತು ಇಪ್ಪತ್ತು ವರ್ಷ ಬ್ರೇಕು ಒತ್ತಿ ಒತ್ತಿ, ಮನೆಯಲ್ಲಿ ನಾನು ಜೋರಾಗಿ ಮಾತಾಡಿದರೂ ಅವರ ಬಲಗಾಲು ನೆಲ ಒತ್ತುತ್ತದೆ. ಆ ದಿನ ಊಟಕ್ಕೆ ಬಂದವರು ಸದ್ದು ಕೇಳಿ, ಚಪ್ಪಲಿ ಬಿಡುವುದನ್ನೂ ಮರೆತು, ಹಿತ್ತಲ ಬಾಗಿಲಲ್ಲಿ ಹತ್ತು ನಿಮಿಷ ನಿಂತಿದ್ದರು. ಯಾರೂ ಹೋಗಿ ಏನೂ ಕೇಳಕೂಡದು ಎಂದು ನನಗೆ ಕಟ್ಟಪ್ಪಣೆಯಾಯಿತು. ನಾನೂ ಕೇಳಲಿಲ್ಲ. ನನಗೂ ಹೊಟ್ಟೆಗೆ ಹಾಲು ಹೊಯ್ದಷ್ಟು ಸಂತೋಷವಾಗಿತ್ತು.

ನಲವತ್ತು ದಿನ ಆ ಸದ್ದು ಕೇಳಿಸಿತು. ಮಾವ ಮತ್ತೆ ಎರಡು ಸಲ ಬಡಿಸಿಕೊಂಡು ಉಣ್ಣತೊಡಗಿದರು. ಪೇಪರ್ ಓದಿ ರಾಜಕಾರಣಿಗಳನ್ನು ಬೈಯತೊಡಗಿದರು. ನಲವತ್ತೊಂದನೆಯ ದಿನ ಬೆಳಿಗ್ಗೆ, ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ಎದೆಗೆ ಅವಚಿಕೊಂಡು ಬಂದು, ತೊಟ್ಟಿಯ ಪಕ್ಕದ ಮೇಜಿನ ಮೇಲೆ ಇಟ್ಟು ಬಿಚ್ಚಿದರು.

ಒಂದು ಗವಿ. ಬೋಗುಣಿಯನ್ನು ಬೋರಲು ಹಾಕಿದಷ್ಟು ದೊಡ್ಡದು. ಮೂರು ಕಡೆ ಬಾಗಿಲು, ಒಳಗೆಲ್ಲ ಟೊಳ್ಳು, ಬಾಗಿಲಿನ ಅಂಚುಗಳೆಲ್ಲ ದುಂಡಗೆ, ಎಲ್ಲಿ ಮುಟ್ಟಿದರೂ ಬೆರಳು ನುಣ್ಣಗೆ ಜಾರಬೇಕು. ಹೊರಗೆ ಅಲೆಯ ಗೆರೆಗಳು. ನಡುಗುವ ಕೈಯಲ್ಲಿ ಇದನ್ನು ಹೇಗೆ ಮಾಡಿದರು ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಹಾಗೆ ನೋಡಲು ಇನ್ನೊಂದು ಕಾರಣವೂ ಇತ್ತು. ಅದು ಅಪ್ಪಟ ಬಿಳಿ ಮಾರ್ಬಲ್. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ, ಇದು ಅಡಿಯಿಂದ ಮುಡಿಯವರೆಗೆ ಸುಣ್ಣ.

ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಮಾವನ ಹೆಗಲ ಹಿಂದೆ ನನ್ನ ಗಂಡ ನಿಂತಿದ್ದರು, ಅವರ ಬಲಗಾಲು ನೆಲ ಒತ್ತಿದ್ದು ಕಾಣಿಸಿತು. ಮಾವ ಗವಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಚೆನ್ನಾಗಿದೆ ಮಾವ," ಎಂದೆ. "ತುಂಬಾ ಚೆನ್ನಾಗಿದೆ."

ಆಮೇಲೆ ಅಡುಗೆಮನೆಯಲ್ಲಿ ಗಂಡನಿಗೆ ಕಲ್ಲಿನ ವಿಷಯ ಬಿಡಿಸಿ ಹೇಳಿದೆ. ಅದನ್ನು ಒಳಗೆ ಬಿಟ್ಟರೆ ಆ ಜೋಡಿ ಉಳಿದರೂ ಮೊಟ್ಟೆಯಂತೂ ಒಡೆಯುವುದಿಲ್ಲ, ಇವತ್ತೇ ಹೇಳಿಬಿಡುತ್ತೇನೆ ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

"ಎರಡು ವರ್ಷ ಆದಮೇಲೆ ಅಪ್ಪ ಎದ್ದು ಕೂತಿದ್ದಾರೆ ಕಣೇ. ಮತ್ತೆ ಮಲಗಿಸಬೇಡ."

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ, ಮಹಾ ಬುದ್ಧಿವಂತೆಯ ಹಾಗೆ. ಬೆಳಿಗ್ಗೆ ಮಾವ ಬರುವ ಮುಂಚೆ ಗವಿಯನ್ನು ತೊಟ್ಟಿಯೊಳಗೆ ಇಡುವುದು. ಮಧ್ಯಾಹ್ನ ಅವರು ಊಟ ಮಾಡಿ ಮಲಗಿದ ಕೂಡಲೇ ತೆಗೆದು, ಒರೆಸಿ, ಮೀನಿನ ಆಹಾರದ ಡಬ್ಬಿಗಳ ಹಿಂದೆ ಬಚ್ಚಿಡುವುದು. ದಿನಕ್ಕೆ ಮೂರು ನಾಲ್ಕು ಗಂಟೆ ನೀರಿನಲ್ಲಿದ್ದರೆ ಅಷ್ಟೇನೂ ಸುಣ್ಣ ಬಿಡುವುದಿಲ್ಲ, ಆ ಕೊಂಚವನ್ನೂ ನೀರು ಬದಲಿಸಿ ಸರಿಮಾಡಬಹುದು ಎಂದು ಲೆಕ್ಕ ಹಾಕಿದೆ.

ಲೆಕ್ಕ ಸರಿಯಾಗಿತ್ತು. ನೀರು ಪರೀಕ್ಷಿಸುವ ಕಾಗದದ ಪಟ್ಟಿ ಅದ್ದಿ ನೋಡಿದರೆ ನೀರು ಮೆದುವಾಗಿಯೇ ಇತ್ತು. ಆದರೆ ದಿನಕ್ಕೆ ಎರಡು ಸಲ ನನ್ನ ಕೈ ಒಳಗಿಳಿಯುವುದನ್ನು ಆ ಮೀನುಗಳು ಸಹಿಸಲಿಲ್ಲ. ಮೈ ಕಪ್ಪಗಾಯಿತು. ಮೂಲೆ ಹಿಡಿದವು, ಎರಡೂ ಒಂದಕ್ಕೊಂದು ಅಂಟಿಕೊಂಡು, ಗವಿಯ ಕಡೆಗೆ ಬೆನ್ನು ಹಾಕಿ. ಮಾವ ಬಂದು ಕೂರುವ ಹೊತ್ತಿಗೆ ಅವು ಇನ್ನೂ ಹೆದರಿಕೆಯಲ್ಲೇ ಇರುತ್ತಿದ್ದವು. ಅವರ ಕಣ್ಣಿಗೆ ಬಿದ್ದದ್ದು ಇಷ್ಟೆ: ತಾನು ಮಾಡಿದ ವಸ್ತುವಿನ ಹತ್ತಿರ ಮೀನು ಸುಳಿಯುತ್ತಿಲ್ಲ.

ಮೊದಲ ವಾರ, ಹೊಸದಲ್ಲವಾ, ಒಗ್ಗಿಕೊಳ್ಳುತ್ತವೆ ಎಂದು ಅವರೇ ನನಗೆ ಸಮಾಧಾನ ಹೇಳಿದರು. ಎರಡನೆಯ ವಾರ ಸ್ಟೂಲನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು, ತಾನು ಹತ್ತಿರ ಕೂತರೆ ಹೆದರುತ್ತವೋ ಏನೋ ಎಂದು. ಬಾಗಿಲು ಚಿಕ್ಕದಾಯಿತೇ ಎಂದು ಒಂದು ದಿನ ಕೇಳಿದರು. ಇಲ್ಲ ಮಾವ, ಸರಿಯಾಗಿದೆ ಎಂದೆ. ಹಾಗಾದರೆ ಒಳಗಡೆ ಒರಟಾಗಿದೆಯೇ ಎಂದರು. ಇಲ್ಲವೇ ಇಲ್ಲ, ಚೆನ್ನಾಗಿದೆ ಎಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಹಾಗೆ, ಅವರು ಇನ್ನೇನಾದರೂ ಕೇಳುವ ಮುಂಚೆ ಅಂಗಡಿಯಲ್ಲಿ ಯಾರೋ ಕರೆದರು ಎಂದು ಓಡಿದೆ.

ಮೂರನೆಯ ವಾರ ಶೆಡ್ಡಿನ ಸದ್ದು ನಿಂತಿತು. ಅಷ್ಟು ದಿನವೂ ಏನಾದರೊಂದು ಚಿಕ್ಕ ಪುಟ್ಟದ್ದು ಕೆತ್ತುತ್ತಲೇ ಇದ್ದರು. ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದಾಗ ನೋಡುತ್ತೇನೆ, ಬಾಗಿಲಿಗೆ ಮತ್ತೆ ಬೀಗ. ಗಂಡನಿಗೆ ಹೇಳಿದರೆ, ಸ್ವಲ್ಪ ದಿನ ನೋಡೋಣ ಎಂದರು. ಇವರ ಬ್ರೇಕಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈಸಿಕೊಳ್ಳಬೇಕಾದವಳು ನಾನೇ ಎಂಬುದೂ ಗೊತ್ತಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬಾಕೆಗೆ ಬಣ್ಣ ಬಳಿದ ಕಲ್ಲು ಬೇಡ, ಬಣ್ಣ ಬಿಟ್ಟುಕೊಳ್ಳುತ್ತದೆ ಎಂದು ವಿವರಿಸಿ ಒಳಗೆ ಬಂದೆ. ಮಾವ ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಕೈಯನ್ನು ನೀರಿಗೆ ಇಳಿಸಿದ್ದರು. ಗವಿಯನ್ನು ಮೇಲೆತ್ತಿ, ಟವೆಲ್ಲಿನಲ್ಲಿ ಒರೆಸಿ, ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳಿನಲ್ಲಿ ಅಲೆಯ ಗೆರೆಗಳನ್ನು ಒಂದೊಂದಾಗಿ ಸವರಿದರು. ಆಮೇಲೆ ಬಾಗಿಲೊಳಗೆ ಬೆರಳು ಹಾಕಿ ಒಳಮೈಯನ್ನು ಸವರಿದರು.

"ಇದು ನೀರಲ್ಲಿ ಇರಲೇ ಇಲ್ಲ," ಎಂದರು.

ಮೇಜಿನ ಮೇಲೆ ಚೆಲ್ಲಿದ ನೀರನ್ನು ನಾನು ಅಂಗೈಯಲ್ಲೇ ಒರೆಸತೊಡಗಿದೆ.

"ಎಷ್ಟು ಕಾರಂಜಿ ಮಾಡಿದ್ದೀನಿ ನಾನು. ನೀರಲ್ಲಿ ನಾಲ್ಕು ದಿನ ಇದ್ದರೆ ಯಾವ ಕಲ್ಲಾದರೂ ಲೋಳೆ ಹಿಡಿಯುತ್ತೆ, ಪಾಲಿಶ್ ಮಂಕಾಗುತ್ತೆ. ಇದು ನಾನು ಕೊಟ್ಟ ದಿನ ಹೇಗಿತ್ತೋ ಹಾಗೇ ಇದೆ. ನಾನು ಬರುವಾಗ ಇಡ್ತೀಯಾ, ಹೋದಮೇಲೆ ತೆಗೀತೀಯಾ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಯಾಕೆ ಹೀಗೆ ಮಾಡಿದೆ ಎಂದೂ ಕೇಳಲಿಲ್ಲ. ಎಲ್ಲಿ ಕೆಟ್ಟಿದೆ ತೋರಿಸು ಎಂದರು. ಎಡಗಡೆಯ ಬಾಗಿಲು ಒಂದು ಕೂದಲೆಳೆ ಓರೆಯಾಗಿದೆ ಎಂದು ತನಗೂ ಅನುಮಾನ ಇತ್ತು, ಅದೇ ಅಲ್ಲವೇ ಎಂದರು. ನಾನು ಬಾಯಿ ಬಿಡುವ ಮುಂಚೆಯೇ, ಎರಡು ವರ್ಷ ಯಾರಿಗೂ ಹೇಳದಿದ್ದ ಒಂದು ವಿಷಯವನ್ನು ಹೇಳಿದರು.

ಅವರ ಕೊನೆಯ ಕೆಲಸ ಒಂದು ಕಾರಂಜಿಯ ಬೋಗುಣಿ. ದೊಡ್ಡ ತೋಟದ ಮನೆಯವರು ಮಾಡಿಸಿದ್ದು. ಕೈ ನಡುಗಿ ಅದರ ಅಂಚು ಒಂದು ಕಡೆ ಕೊಂಚ ತಗ್ಗಾಗಿತ್ತು. ನೀರು ತುಂಬಿದರೆ ಸುತ್ತಲೂ ಉಕ್ಕಿ ಇಳಿಯಬೇಕು, ಅದು ಒಂದೇ ಕಡೆಯಿಂದ ಸುರಿಯುತ್ತಿತ್ತು. ಮಾವ ತಾನಾಗಿ ತಪ್ಪು ತೋರಿಸಿ, ಇನ್ನೊಂದು ಮಾಡಿಕೊಡುತ್ತೇನೆ ಎಂದರಂತೆ. ಆ ಮನೆಯವರು ಒಪ್ಪಲಿಲ್ಲ. ಏನೂ ತಪ್ಪಿಲ್ಲ, ತುಂಬಾ ಚೆನ್ನಾಗಿದೆ ಎಂದು ನಗುನಗುತ್ತಾ ಕೈ ಕುಲುಕಿ ಕಳಿಸಿದರು. ಒಂದು ತಿಂಗಳ ಮೇಲೆ ಮಾವ ಆ ಬೀದಿಯಲ್ಲಿ ಹೋಗುವಾಗ ಬೇಲಿಯ ಸಂದಿಯಿಂದ ಕಂಡದ್ದು, ಹಿತ್ತಲ ನಲ್ಲಿಯ ಕೆಳಗೆ ಆ ಬೋಗುಣಿ, ಅದರೊಳಗೆ ನೆಲ ಒರೆಸುವ ಬಟ್ಟೆ ನೆನೆಹಾಕಿತ್ತು.

"ಕೈ ನಡುಗೋದು ನನಗೇನು ಹೊಸದಾ? ನಡುಗೋ ಕೈಯಲ್ಲೂ ನಿಧಾನಕ್ಕೆ ಮಾಡಬಹುದು. ಕೆಟ್ಟಿದ್ದರೆ ಕೆಟ್ಟಿದೆ ಅನ್ನಬೇಕು, ನಾನು ಇನ್ನೊಂದು ಮಾಡ್ತೀನಿ. ಪಾಪ ಮುದುಕ ಅಂತ ಚೆನ್ನಾಗಿದೆ ಅಂದುಬಿಟ್ಟರೆ ನಾನು ಏನನ್ನ ತಿದ್ದಲಿ? ಅದಕ್ಕೇ ಅವತ್ತು ಬೀಗ ಹಾಕಿದೆ. ನೀನು ಹಾಗಲ್ಲ, ಮುಖದ ಮೇಲೆ ಹೇಳುವವಳು ಅಂತ ನಿನಗೆ ಮಾಡಿಕೊಟ್ಟೆ."

ನನಗೆ ನಾಚಿಕೆಯಾಯಿತು. ಎಂಥ ನಾಚಿಕೆ ಎಂದರೆ, ಅಲ್ಲಿಂದ ಎಲ್ಲಿಗಾದರೂ ಹೋಗಿಬಿಡಬೇಕು ಎನ್ನಿಸುವಂಥದ್ದು. ಹೋದದ್ದು ಮಾತ್ರ ಅಂಗಡಿಗೆ. ವಿನಿಗರ್ ಬಾಟಲಿ ತಂದು, ಗವಿಯನ್ನು ಬೋರಲು ಮಾಡಿ ಕಾಣದ ಕಡೆ ಹನಿಸುತ್ತೇನೆ ಎಂದೆ. ಬೇಡ, ಮೇಲೇ ಬಿಡು ಎಂದರು. ಅಲೆಯ ಗೆರೆಯ ಮೇಲೆ ಎರಡು ಹನಿ ಬಿಟ್ಟೆ. ಚುರುಗುಟ್ಟಿ ಬಿಳಿ ಗುಳ್ಳೆ ಎದ್ದಿತು. ಮಾವ ಬಗ್ಗಿ ನೋಡಿದರು. ಮಾರ್ಬಲ್ ಮೇಲೆ ನಿಂಬೆಹಣ್ಣು ಕೊಯ್ಯಬೇಡಿ, ಕಲೆ ಬೀಳುತ್ತದೆ ಎಂದು ನಲವತ್ತಾರು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವರು ಅವರು. ಬರೀ ನೀರಿನಲ್ಲೂ ಅದು ಕರಗುತ್ತದೆ, ಮೀನಿಗೆ ಅಷ್ಟು ಸಾಕು ಎಂದು ಅವರಿಗೆ ಹೊಳೆದಿರಲಿಲ್ಲ. ನಾನು ಸುಣ್ಣದ ವಿಷಯ, ಗಡಸು ನೀರಿನ ವಿಷಯ, ಒಡೆಯದ ಮೊಟ್ಟೆಯ ವಿಷಯ, ಎಲ್ಲ ಹೇಳಿದೆ. ಒಂದನ್ನೂ ಸಿಹಿ ಮಾಡದೆ ಹೇಳಿದೆ.

"ಅಂದರೆ ತಪ್ಪು ಕೈದಲ್ಲ," ಎಂದರು ಮಾವ.

"ಅಲ್ಲ ಮಾವ. ಕೈ ಸರಿಯಾಗಿದೆ. ಕಲ್ಲು ಸರಿಯಿಲ್ಲ."

"ಮೂರು ವಾರ ನಾನು ಕೈ ಅಂದುಕೊಂಡೆ."

ತಪ್ಪಾಯಿತು ಎಂದೆ. ಹೋಗಲಿ ಬಿಡು ಎಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗವಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು, ಯಾವ ಕಲ್ಲು ಗುಳ್ಳೆ ಏಳುವುದಿಲ್ಲ ಎಂದು ಕೇಳಿದರು. ಗ್ರಾನೈಟ್ ಆಗುತ್ತದೆ ಎಂದೆ. ಅದಕ್ಕೆ ತೋಳಿನಲ್ಲಿ ಬಲ ಬೇಕು, ಆಗದು ಎಂದರು. ಹಾಗಾದರೆ ಸ್ಲೇಟು ಕಲ್ಲು, ಈ ಮೀನು ಮೊಟ್ಟೆ ಇಡುವುದು ನೆಟ್ಟಗೆ ನಿಂತ ಹಲಗೆಯ ಮೇಲೆ, ಗವಿಗಿಂತ ಅದೇ ಇವಕ್ಕೆ ಹೆಚ್ಚು ಬೇಕಾದ್ದು ಎಂದೆ. ಸ್ಲೇಟೂ ಒಂದು ಕಲ್ಲಾ ಎನ್ನುವ ಹಾಗೆ ಮೂಗು ಮುರಿದು ಹೊರಟುಹೋದರು.

ಎರಡು ದಿನ ಅವರು ತೊಟ್ಟಿಯ ಮುಂದೆ ಬರಲಿಲ್ಲ. ಶೆಡ್ಡಿನ ಬೀಗವೂ ತೆರೆಯಲಿಲ್ಲ. ಗಂಡ ಮುಖ ಊದಿಸಿಕೊಂಡು ಓಡಾಡಿದರು. ಅವರಿಗೆ ಬೋಗುಣಿಯ ಕತೆ ಹೇಳಿದೆ. ಕೇಳಿ, ಆದರೂ ನಿಧಾನವಾಗಿ ಹೇಳಬಹುದಿತ್ತು ಎಂದು ಗೊಣಗಿದರು. ಕೈ ಹಾಕುವವರಿಲ್ಲದೆ ಮೀನುಗಳ ಬಣ್ಣ ಮಾತ್ರ ತಿಳಿಯಾಗತೊಡಗಿತು. ಮಾವ ಮತ್ತೆ ಕುರ್ಚಿಗೇ ಅಂಟಿಕೊಂಡುಬಿಟ್ಟರೆ ಆ ಪಾಪ ನನ್ನದೇ ಎಂದುಕೊಂಡು ನಾನು ಒಲೆಯ ಮೇಲಿಟ್ಟ ಹಾಲನ್ನು ಎರಡು ಸಲ ಉಕ್ಕಿಸಿದೆ.

ಮೂರನೆಯ ದಿನ ಶೆಡ್ಡಿನಲ್ಲಿ ಉಜ್ಜುವ ಸದ್ದು ಕೇಳಿಸಿತು, ಸುತ್ತಿಗೆಯದಲ್ಲ. ಒಂದು ವಾರ ಉಜ್ಜಿದರು. ಆಮೇಲೆ ಒಂದು ಬೆಳಿಗ್ಗೆ, ಒಳಬಾಗಿಲಿನಿಂದಲ್ಲ, ಬೀದಿ ಸುತ್ತಿಕೊಂಡು ಅಂಗಡಿಯ ಮುಂಬಾಗಿಲಿನಿಂದ ಬಂದರು. ಕೌಂಟರಿನ ಮೇಲೆ ಒಂದು ಕಪ್ಪು ಸ್ಲೇಟು ಹಲಗೆ ಇಟ್ಟರು. ಒಂದು ಗೇಣು ಅಗಲ, ಅದಕ್ಕಿಂತ ಕೊಂಚ ಎತ್ತರ, ನಿಲ್ಲಲು ಕೆಳಗೊಂದು ಪಾದ. ಎಲ್ಲರ ಕಲ್ಲಿಗೆ ಮಾಡುವ ಹಾಗೆ ಮಾಡು ಎಂದರು.

ವಿನಿಗರ್ ಬಿಟ್ಟೆ, ಕಲ್ಲು ಸುಮ್ಮನಿತ್ತು. ಗೆರೆ ನೋಡಿದೆ, ಇರಲಿಲ್ಲ. ಬೆರಳಾಡಿಸಿದೆ. ಮೇಲಿನ ಬಲ ಮೂಲೆಯಲ್ಲಿ ಬೆರಳು ತಡೆಯಿತು. ಒಂದು ಅಕ್ಕಿಕಾಳಿನಷ್ಟು ಜಾಗ, ಚೂಪು. ಅಲ್ಲೇ ಕೈ ಜಾರಿರಬೇಕು. ಕೆಲಸಕ್ಕೆ ಹೊರಟಿದ್ದ ಗಂಡ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬೆರಳನ್ನು ಅಲ್ಲಿಂದ ಮುಂದಕ್ಕೆ ಜಾರಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಇಲ್ಲಿ ಚೂಪಿದೆ ಮಾವ. ಮೀನಿನ ಮೈ ಕೊಯ್ಯುತ್ತೆ. ಆಗಲ್ಲ."

ಮಾವ ಹೆಬ್ಬೆರಳಿನಲ್ಲಿ ಆ ಜಾಗ ಹುಡುಕಿದರು. ದಪ್ಪ ಚರ್ಮದ ಬೆರಳಿಗೆ ಅದು ಸಿಗಲು ಹೊತ್ತು ಹಿಡಿಯಿತು. ಸಿಕ್ಕಿದ ಮೇಲೆ ಹೂಂ ಎಂದು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು. ಎರಡು ದಿನ ಬಿಟ್ಟು ಮತ್ತೆ ತಂದರು. ಮೂಲೆ ನುಣ್ಣಗಾಗಿತ್ತು, ಆದರೆ ಪಾದ ಸಮನಾಗಿ ಕೂರದೆ ಹಲಗೆ ಅಲುಗಾಡುತ್ತಿತ್ತು; ಬಿದ್ದರೆ ತೊಟ್ಟಿಯ ಗಾಜು ಒಡೆಯುತ್ತದೆ ಎಂದು ವಾಪಸು ಕೊಟ್ಟೆ. ಮೂರನೆಯ ಸಲ ತಂದಾಗ ಅಲುಗಾಟವಿರಲಿಲ್ಲ, ಮೂಸಿ ನೋಡಿದರೆ ಮಷಿನ್ ಎಣ್ಣೆಯ ವಾಸನೆ. ಎಣ್ಣೆ ಇಳಿದ ಕಲ್ಲು ಬೇಡ, ಆ ಜಾಗ ಪೂರಾ ಉಜ್ಜಿ ತೆಗೆಯಬೇಕು, ಇಲ್ಲವೇ ಬೇರೆ ಹಲಗೆ ಹಿಡಿಯಬೇಕು ಎಂದು ಹೇಳುತ್ತಿದ್ದೆ.

ಗಂಡನಿಗೆ ತಡೆಯಲಾಗಲಿಲ್ಲ. ಬಾಗಿಲಿನಿಂದ ಒಳಕ್ಕೆ ಬಂದು, ಅಪ್ಪನನ್ನು ಇನ್ನೂ ಎಷ್ಟು ಸಲ ಓಡಾಡಿಸುತ್ತೀಯಾ, ಸಾಕು ಮಾಡು ಎಂದು ನನ್ನ ಮೇಲೆ ರೇಗಿದರು.

ಮಾವ ಅವರ ಕಡೆಗೆ ತಿರುಗಿದರು. ಕೌಂಟರಿನ ಮೇಲಿದ್ದ ಕೈ ನಡುಗುತ್ತಲೇ ಇತ್ತು, ಅದನ್ನು ಬಚ್ಚಿಡುವ ಗೋಜಿಗೆ ಅವರು ಹೋಗಲಿಲ್ಲ.

"ನೀನು ಸುಮ್ಮನಿರಪ್ಪ," ಎಂದರು. "ಗಿರಾಕಿ ಮಾತಾಡ್ತಾ ಇದ್ದಾರೆ."